ಸುದ್ದಿ ಓದುವವರ ಸ್ವೆಟರ್

ನಾನು ಒಂದು ಸ್ವೆಟರ್. ಬದನೆಕಾಯಿ ಬಣ್ಣ, ಮುಂದೆ ಐದು ಗುಂಡಿ. ಪೂರ್ತಿ ಉಣ್ಣೆ ಎಂದು ಆಣೆ ಮಾಡಿ ಬೀದರಿನ ಅಂಗಡಿಯವನೊಬ್ಬ ನನ್ನ ನೂಲು ಮಾರಿದ್ದ. ಆಣೆ ಮಾಡುವವರನ್ನು ನಾನು ನಂಬುವುದಿಲ್ಲ. ಮಾಡದವರನ್ನೂ ಅಷ್ಟಾಗಿ ನಂಬುವುದಿಲ್ಲ. ನನ್ನ ಸ್ವಭಾವವೇ ಹಾಗೆ.

ನನ್ನನ್ನು ಹೆಣೆದವರು ಹಳ್ಳಿಯ ಪ್ರಾಥಮಿಕ ಶಾಲೆಯ ಇಂದುಮತಿ ಅಕ್ಕೋರು. ಊಟದ ಬಿಡುವಿನಲ್ಲಿ ಬಿಸಿಲಿಗೆ ಕುಳಿತು ಹೆಣೆಯುತ್ತಿದ್ದರು. ಎಡ ಕಂಕುಳಿಗೆ ಬರುವಷ್ಟರಲ್ಲಿ ನೂಲು ಮುಗಿಯಿತು. ಮನೆಯಲ್ಲಿ ಉಳಿದಿದ್ದ ಹಸಿರು ನೂಲು ತಂದು ಅಲ್ಲಿ ನಾಲ್ಕು ಸಾಲು ಹಾಕಿ, "ಕಂಕುಳಾಗ ಯಾರ್ ನೋಡ್ತಾರ" ಎಂದು ತಮ್ಮಷ್ಟಕ್ಕೆ ನಕ್ಕರು. ಹುಟ್ಟುವಾಗಲೇ ಮೈಯಲ್ಲಿ ಗುಟ್ಟು ಇಟ್ಟುಕೊಂಡ ನಾನು ಯಾರನ್ನು ನಂಬಲಿ ಹೇಳಿ.

ನಾನು ಹುಟ್ಟಲು ಚಳಿಯೇ ಕಾರಣ. ಶಾಲೆಯಲ್ಲಿ ದಿನವೂ ಪ್ರಾರ್ಥನೆ ಮುಗಿದ ಮೇಲೆ ಆರನೇ, ಏಳನೇ ತರಗತಿಯ ಮಕ್ಕಳಲ್ಲಿ ಒಬ್ಬರು ಶಾಲೆಯ ಸುದ್ದಿ ಓದಬೇಕು. ಆ ಚಳಿಗಾಲದಲ್ಲಿ ಓದುವವರ ಹಲ್ಲು ಕಟಕಟ ಎನ್ನುತ್ತಿತ್ತೇ ಹೊರತು ಹಿಂದಿನ ಸಾಲಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಹೆಡ್‌ಮಾಸ್ತರ್ ವೈಜನಾಥ ಸರ್ ಒಂದು ನಿಯಮ ಮಾಡಿದರು. ಸುದ್ದಿ ಓದುವವರು ನನ್ನನ್ನು ತೊಡಬೇಕು, ಹಾಲು ಕುಡಿದಾದ ಮೇಲೆ ಹೆಡ್‌ಮಾಸ್ತರರ ಕೋಣೆಯ ಮೊಳೆಗೆ ತೂಗುಹಾಕಬೇಕು.

ಹೀಗೆ ದಿನಕ್ಕೊಬ್ಬರ ಮೈಗೆ ಹೋದೆ. ಒಬ್ಬ ನನ್ನ ತೋಳಿಗೆ ಮೂಗು ಒರೆಸಿದ. ಇನ್ನೊಬ್ಬಳು ಜೇಬಿನಲ್ಲಿ ಹುಣಸೆಬೀಜ ಬಚ್ಚಿಟ್ಟು, ಮರುದಿನ ಸಿಗದಿದ್ದಾಗ ನಾನೇ ನುಂಗಿದೆನೆಂಬಂತೆ ಹುಡುಕಾಡಿದಳು. ಎಲ್ಲರ ಮೇಲೂ ಒಂದು ಕಣ್ಣಿಟ್ಟಿದ್ದೆ. ಆದರೆ ಎರಡು ಕಣ್ಣಿಟ್ಟದ್ದು ಜಗದೇವಿಯ ಮೇಲೆ.

ಆರನೇ ತರಗತಿಯ ಜಗದೇವಿಗೆ ಸ್ವಂತ ಸ್ವೆಟರ್ ಇರಲಿಲ್ಲ. ಅವ್ವನ ಹಳೆಯ ಸೀರೆಯ ತುಂಡು ಹೊದ್ದು ಬರುತ್ತಿದ್ದಳು. ಉಳಿದವರು ಮೂರು ಸುದ್ದಿಗೆ ಮುಗಿಸಿದರೆ ಇವಳದು ಹತ್ತು. ಐದನೇ ತರಗತಿಯವರು ಮೆಂತ್ಯದ ಮಡಿಗೆ ನೀರು ಬಿಟ್ಟದ್ದು, ಹಗ್ಗಜಗ್ಗಾಟದಲ್ಲಿ ಹುಡುಗಿಯರು ಗೆದ್ದದ್ದು, ಎಳ್ಳ ಅಮಾವಾಸ್ಯೆಯ ರಜೆ, ಅಡುಗೆಯ ಕಾಶೀಬಾಯಿಗೆ ನೆಗಡಿಯಾದದ್ದು, ಎಲ್ಲವನ್ನೂ ನಿಧಾನವಾಗಿ, ಕತೆ ಹೇಳುವಂತೆ ಓದುತ್ತಿದ್ದಳು. ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಇದೆಲ್ಲ ನನ್ನನ್ನು ಇನ್ನಷ್ಟು ಹೊತ್ತು ತೊಟ್ಟುಕೊಳ್ಳುವ ಹೂಟ ಎಂದು ನಾನು ಲೆಕ್ಕ ಹಾಕಿದೆ.

ಒಂದು ಗುರುವಾರ ಹಾಲು ಹಂಚುವಾಗ ಯಾರೋ ತಳ್ಳಿದರು, ಸುದ್ದಿ ಓದಿ ನನ್ನನ್ನು ಇನ್ನೂ ತೊಟ್ಟಿದ್ದ ಜಗದೇವಿಯ ಲೋಟದ ಹಾಲು ಪೂರ್ತಿ ನನ್ನ ಮೇಲೆ ಚೆಲ್ಲಿತು. ಅವಳು ಸುತ್ತ ನೋಡಿದಳು, ನನ್ನನ್ನು ಮಡಚಿ ಪಾಟೀಚೀಲಕ್ಕೆ ತುರುಕಿದಳು. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡೆ. ಚೀಲದ ಕತ್ತಲೆಯಲ್ಲಿ ಕೂಗಲು ನನಗೆ ಬಾಯಿ ಎಲ್ಲಿದೆ?

ಮನೆಗೆ ಹೋದವಳೇ ಹಂಡೆಗೆ ಉರಿ ಹಾಕಿದಳು. ಅವರ ಮನೆಯಲ್ಲಿ ಧೋತರ, ಸೀರೆ, ಕೌದಿ ಏನೇ ಕೊಳೆಯಾದರೂ ಸೋಡಾ ಹಾಕಿ ಕುದಿಸುವುದೇ ಪದ್ಧತಿ. ನನ್ನನ್ನೂ ಕುದಿಸಿದಳು, ಕಲ್ಲಿನ ಮೇಲಿಟ್ಟು ಕೋಲಿನಿಂದ ಬಡಿದಳು, ಒಲೆಯ ಪಕ್ಕ ಒಣಗಿಸಿದಳು. ಒಣಗಿದ ಮೇಲೆ ನನ್ನನ್ನು ಎತ್ತಿ ಹಿಡಿದು ನೋಡಿದವಳು ಎರಡೂ ತೋಳು ಹಿಡಿದು ಎಳೆದಳು. ನಾನು ಅರ್ಧವಾಗಿದ್ದೆ. ಬೀದರಿನ ಅಂಗಡಿಯವನು ಆಣೆ ಮಾಡಿ ನಿಜವನ್ನೇ ಹೇಳಿದ್ದ.

ಮರುದಿನ ಮೊಳೆ ಬರಿದಾಗಿತ್ತು. ಪ್ರಾರ್ಥನೆಯ ಸಾಲಿನ ಮುಂದೆ ವೈಜನಾಥ ಸರ್ ಗುಡುಗುತ್ತಿದ್ದಾಗ ಜಗದೇವಿ ತಾನೇ ಮುಂದೆ ಬಂದು ನನ್ನನ್ನು ಚೀಲದಿಂದ ತೆಗೆದುಕೊಟ್ಟಳು.

"ನಮ್ಮ ಸ್ವೆಟರ್ ಇದಲ್ಲ. ಇದು ಸಣ್ಣ ಕೂಸಿಂದು. ದೊಡ್ಡದು ಎಲ್ಲಿಟ್ಟಿ?"

"ಅದೇ ಇದು ರೀ ಸರ್. ಹಾಲು ಬಿದ್ದಿತ್ತು, ಕುದಿಸಿದೆ. ಸಣ್ಣದಾಯ್ತು."

"ಕುದಿಸಿದ್ರ ಅರಿಬಿ ಸಣ್ಣದ ಆಗ್ತದೇನು? ನನ್ನ ಧೋತರ ವಾರಾ ವಾರಾ ಕುದಿಸ್ತಾರ, ಲಂಗೋಟಿ ಆಗ್ಯದೇನು?"

ಮಕ್ಕಳು ನಕ್ಕರು. ಜಗದೇವಿ ನಗಲಿಲ್ಲ.

"ಇವತ್ತಿಂದ ನಿನ್ನ ಸುದ್ದಿ ಓದೋದು ಬಂದ್. ನಾಳೆ ನಿಮ್ಮವ್ವಗ ಕರ್ಕೊಂಡು ಬಾ."

"ನಾ ಕದ್ದಿಲ್ರೀ ಸರ್" ಎಂದಳು. ಸಾಲಿನಲ್ಲಿ ಯಾರೋ "ಕಳ್ಳಿ" ಎಂದು ಪಿಸುಗುಟ್ಟಿದರು. ಆ ಮಾತು ನಿನ್ನೆಯಿಂದ ನಾನೇ ಮನಸ್ಸಿನಲ್ಲಿ ಆಡುತ್ತಿದ್ದುದು. ಬೇರೆಯವರ ಬಾಯಲ್ಲಿ ಕೇಳಿದಾಗ ನನಗೆ ನಾಚಿಕೆಯಾಯಿತು. ನಡೆದದ್ದೆಲ್ಲ ಬಲ್ಲ ಸಾಕ್ಷಿ ನಾನೊಬ್ಬನೇ, ನನಗೆ ಮಾತಿಲ್ಲ.

ಅಷ್ಟರಲ್ಲಿ ಇಂದುಮತಿ ಅಕ್ಕೋರು ಬಂದು ನನ್ನನ್ನು ಕೈಗೆ ತೆಗೆದುಕೊಂಡರು. ಒಳಗು ಹೊರಗು ಮಾಡಿದರು. ಎಡ ಕಂಕುಳಿನಲ್ಲಿ ಹಸಿರು ನೂಲಿನ ನಾಲ್ಕು ಸಾಲು, ಕುಗ್ಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

"ಸರ್, ಇದು ನಾ ಹೆಣದದ್ದೇ" ಎಂದರು. "ನೂಲು ಸಾಲ್ಲಿಲ್ಲ, ಯಾರಿಗೂ ಗೊತ್ತಾಗಬಾರ್ದಂತ ಇಲ್ಲಿ ಹಸಿರು ಹಾಕಿ ಮುಚ್ಚಿದ್ದೆ. ಉಣ್ಣೆ ಕುದಿಸಿದ್ರ ಕುಗ್ಗತದ ರೀ. ಹೇಳಬೇಕಾಗಿತ್ತು, ನಾ ಹೇಳ್ಲಿಲ್ಲ."

ವೈಜನಾಥ ಸರ್ ಕನ್ನಡಕ ಏರಿಸಿ ಹಸಿರನ್ನು ನೋಡಿದರು, ಜಗದೇವಿಯನ್ನು ನೋಡಿದರು. "ತಪ್ಪಾಯ್ತವ್ವ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಜಗದೇವಿ ಆಗ ಅತ್ತಳು.

ಆದರೆ ನಿಯಮ ನಿಯಮವೇ. ಸುದ್ದಿ ಓದುವವರು ನನ್ನನ್ನು ತೊಡಬೇಕು, ನಾನು ಈಗ ಹಿಡಿಸುವುದು ಒಂದನೇ ತರಗತಿಯ ಶಾಹೀನಳಿಗೆ ಮಾತ್ರ. ಅವಳಿಗೆ ಇನ್ನೂ ಓದಲು ಬಾರದು. ಜಗದೇವಿಯೇ ಅವಳಿಗೆ ನನ್ನ ಗುಂಡಿ ಹಾಕಿ, ಬೆನ್ನ ಹಿಂದೆ ನಿಂತು, "ನಿನಗ ತಿಳದದ್ದು ಹೇಳು" ಎಂದಳು.

"ನಮ್ಮ ಆಡು ಎರಡು ಮರಿ ಹಾಕ್ಯದ" ಎಂದಳು ಶಾಹೀನ. "ಒಂದಕ್ಕ ಭಾಳ ಚಳಿ ಅದ."

ಹಿಂದಿನ ಸಾಲಿನವರಿಗೂ ಕೇಳಿಸಿತು. ಅಂದಿನಿಂದ ಚಳಿಗಾಲದ ಸುದ್ದಿ ಚಿಕ್ಕವರ ಪಾಲಾಯಿತು. ಅವರು ಹೇಳಿದ್ದನ್ನು ಬರೆದಿಡುವುದು ಜಗದೇವಿಯ ಕೆಲಸವಾಯಿತು.

ಈಗ ನನಗೆ ವಯಸ್ಸಾಗಿದೆ. ಮೊಣಕೈ ಹರಿದಿದೆ, ಗುಂಡಿ ಎರಡೇ ಉಳಿದಿವೆ. ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಹಗ್ಗಜಗ್ಗಾಟದ ಹಗ್ಗದ ಮೇಲೆ ಮಲಗಿರುತ್ತೇನೆ. ಹಗ್ಗದ ಮೇಲೂ ನನಗೆ ಸಂಶಯವಿದೆ. ಆದರೆ ಜಗದೇವಿ ಎಂಬ ಹೆಸರು ನೆನಪಾದಾಗ ಮಾತ್ರ ಸುಮ್ಮನಾಗುತ್ತೇನೆ. ಆ ಗುರುವಾರದ ಸಂಜೆ ಅವಳು ಚೀಲದಿಂದ ತೆಗೆದಾಗ ನಾನಿನ್ನೂ ಅವಳ ಅಳತೆಗೇ ಇದ್ದೆ, ಹಾಲೂ ಆರಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಥಂಡಿ ಗಾಳಿ ಬೀಸುತ್ತಿತ್ತು. ನೀರು ಕಾಯುವವರೆಗೂ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಗಡಗಡ ನಡುಗುತ್ತ ಕುಳಿತಿದ್ದಳು. ಅಂದು ಸುದ್ದಿ ಓದಿ ಮುಗಿದಿತ್ತು. ಆದ್ದರಿಂದ ಅವಳು ನನ್ನನ್ನು ತೊಡಲಿಲ್ಲ.