ಕೊನೆಯ ಟೇಪು ಬರುವ ಮೊದಲು

ಟೀವಿಯೊಳಗಿನ ಮನುಷ್ಯ ತನ್ನ ಹಳೆಯ ವೈರಿಯ ತಲೆಯನ್ನು ಸೇತುವೆಯ ಕಬ್ಬಿಣದ ಕಂಬಿಗೆ ಗುದ್ದುತ್ತಿದ್ದಾಗ ಖುರ್ಷಿದ್ ಆಡಿನ ಬೆನ್ನುಮೂಳೆಯನ್ನು ಉದ್ದಕ್ಕೆ ಸೀಳುತ್ತಿದ್ದ. ಮಚ್ಚು ದಿಮ್ಮಿಗೆ ಬಡಿಯುವ ಸದ್ದೂ, ಅಲ್ಲಿ ತಲೆ ಕಬ್ಬಿಣಕ್ಕೆ ಬಡಿಯುವ ಸದ್ದೂ ಒಮ್ಮೊಮ್ಮೆ ಒಂದೇ ಗಳಿಗೆಗೆ ಬೀಳುತ್ತಿದ್ದವು. ಹಾಗೆ ಬಿದ್ದಾಗಲೆಲ್ಲ ಅವನಿಗೆ ಎದೆಯ ಮೇಲಿನ ಕಲ್ಲೊಂದು ಅಷ್ಟು ಸರಿದಂತೆ ಆಗುತ್ತಿತ್ತು.

"ಇಷ್ಟ ಚಂದನ ಬಿಳಿ ಅಂಗಿ ಹಾಕ್ಕೊಂಡು ಹೊಡದಾಟಕ್ಕ ಯಾವಾಂವ ಹೋಗ್ತಾನ?" ಅಂದಳು ರಹಮತ್ ಬೀ, ಕೊತ್ತಂಬರಿ ಸೋಸುತ್ತ. "ರಗತದ ಕಲಿ ಹೋಗ್ತಾವೇನು? ಅವರವ್ವ ತಿಕ್ಕಿ ಸಾಯಬೇಕು."

"ಅವಂಗ ಅವ್ವ ಇಲ್ಲ, ಖಾಲಾ. ಮದಲನೇ ಟೇಪಿನಾಗ ಸತ್ಲು."

"ಅದಕ್ಕ ಮತ್ತ ಹಿಂಗಾಗ್ಯಾನ."

ಮಾಂಸದಂಗಡಿ ರಹಮತ್ ಬೀಯ ಮಗ ಶಾರೀಕನದು. ಮಿಲ್ಪಿಟಾಸಿನ ಒಂದು ಪ್ಲಾಜಾದಲ್ಲಿ, ಸೀರೆ ಅಂಗಡಿಗೂ ಒಬ್ಬ ಕೊರಿಯಾದ ಹೆಂಗಸಿನ ವಿಡಿಯೊ ಅಂಗಡಿಗೂ ನಡುವೆ. ಆ ಹೆಂಗಸನ್ನು ಎಲ್ಲರೂ ಮಿಸೆಸ್ ಯುನ್ ಅನ್ನುತ್ತಿದ್ದರು. ಸಾರಿಗೆ ಬೇಕಾದ ದನದ ಮೊಣಕಾಲಿನ ಮೂಳೆಯನ್ನು ಒಳಗಿನ ನೆಣ ಚೆಲ್ಲದ ಹಾಗೆ ಕಡಿದುಕೊಡುವವನು ಸುತ್ತಮುತ್ತ ಖುರ್ಷಿದ್ ಒಬ್ಬನೇ ಎಂದು ಅವಳಿಗೆ ಅವನ ಮೇಲೆ ಅಕ್ಕರೆ. ಮೂಳೆ ಒಯ್ಯಲು ಬಂದಾಗಲೆಲ್ಲ ತನ್ನ ದೇಶದ ಧಾರಾವಾಹಿಯ ಒಂದು ಟೇಪು ಬಿಟ್ಟುಹೋಗುತ್ತಿದ್ದಳು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಖುರ್ಷಿದ್ ಕೂಡಿಸಿಕೊಳ್ಳುವಷ್ಟರಲ್ಲಿ ಅವು ಅಳಿಸಿಹೋಗುತ್ತಿದ್ದವು. ಅವನಿಗೆ ಅವು ಬೇಕೂ ಇರಲಿಲ್ಲ, ಕತೆ ನೋಡಿಯೇ ತಿಳಿಯುತ್ತಿತ್ತು. ಮೀನುಗಾರನ ಮಗ, ಉಪ್ಪಿನ ಮಂಡಿಯ ಸಾಹುಕಾರನ ಮಗಳು. ಅವಳ ಅಣ್ಣಂದಿರು ಅವನನ್ನು ಹೊಡೆದು ಸಮುದ್ರಕ್ಕೆಸೆದರು, ಅವಳನ್ನು ಬೇರೆಯವನಿಗೆ ಕಟ್ಟಿದರು. ಸಾಯದೆ ಉಳಿದವನು ದುಡ್ಡು ಮಾಡಿಕೊಂಡು ಬಂದು ಒಬ್ಬೊಬ್ಬರನ್ನೇ ಮುಗಿಸುತ್ತಿದ್ದಾನೆ. ಈಗ ಉಳಿದವನು ಹಿರಿಯಣ್ಣ ಒಬ್ಬನೇ. ಆ ಟೇಪು ಇನ್ನೂ ಸಿಯೋಲಿನಿಂದ ಬಂದಿರಲಿಲ್ಲ.

"ಕೊನಿಗೆ ಏನಾಗ್ತದಂತ?" ಎಂದು ಖುರ್ಷಿದ್ ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದ್ದ. ಮಿಸೆಸ್ ಯುನ್ ತನ್ನ ಹರಕು ಇಂಗ್ಲಿಷಿನಲ್ಲಿ, ಸಿಯೋಲಿನಲ್ಲಿ ಎಲ್ಲರಿಗೂ ಗೊತ್ತು, ಅಲ್ಲಿರುವ ನನ್ನ ತಂಗಿಗೂ ಗೊತ್ತು, ನನಗೆ ಹೇಳಿದರೆ ಅವಳ ಮದುವೆಗೆ ಉಂಗುರ ಕೊಡುವುದಿಲ್ಲ ಎಂದು ಅವಳನ್ನು ಹೆದರಿಸಿಟ್ಟಿದ್ದೇನೆ ಅಂದಿದ್ದಳು.

ಖುರ್ಷಿದ್ ಸವಣೂರು ಕಡೆಯ ಹಳ್ಳಿಯವನು. ಅಪ್ಪ, ಅಜ್ಜ ಸಂತೆಯಲ್ಲಿ ಮಾಂಸ ಕಡಿದವರು, ಊರವರ ಬಾಯಲ್ಲಿ ಕಟಗರು. ಅವನ ಎಡಗೈಯ ಬೆರಳುಗಳು ನೆಟ್ಟಗಾಗುತ್ತಿರಲಿಲ್ಲ. ಉಡದ ಉಗುರಿನ ಹಾಗೆ ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿದ್ದವು. ಹುಟ್ಟಿನಿಂದ ಬಂದದ್ದಲ್ಲ. ಊರಿನ ಹತ್ತಿ ಜಿನ್ನಿನ ಸಾಹುಕಾರ ಗನಿಸಾಬರ ಮಗಳು ಸಮ್ರೀನ್ ಜಿನ್ನಿನ ಹಿತ್ತಲ ಗೋಡೆಯ ಮೇಲಿನಿಂದ ಅವನ ಜೊತೆ ಮಾತಾಡುತ್ತಿದ್ದಳು. ಎರಡು ಸುಗ್ಗಿ ಹಾಗೇ ಕಳೆದವು. ಮೂರನೆಯ ಸುಗ್ಗಿಯಲ್ಲಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವಳ ಅಣ್ಣ ಜೈದ್ ರಜೆಗೆ ಬಂದವನು, ಹಮಾಲರ ಕೈಯಲ್ಲಿ ಖುರ್ಷಿದನನ್ನು ಹಿಡಿಸಿ, ಹತ್ತಿಯ ಅಂಡಿಗೆ ಬಿಗಿಯುವ ಕಬ್ಬಿಣದ ಹಾರೆಯಿಂದ ಅವನ ಎಡಗೈಯನ್ನು ಜಜ್ಜಿದ. ಸಿಟ್ಟಿನಿಂದಲ್ಲ, ಕೆಲಸ ಮುಗಿಸುವವನ ಹಾಗೆ. ಮುಗಿಸಿ, "ಕಟಗರ ಮಗನ, ಬಲಗೈ ಬಿಟ್ಟೀನಿ. ಕಡಕೊಂಡು ತಿನ್ನು," ಅಂದಿದ್ದ. ಸವಣೂರಿನ ಆಸ್ಪತ್ರೆಯಿಂದ ಖುರ್ಷಿದ್ ಹಳ್ಳಿಗೆ ಮರಳಲೇ ಇಲ್ಲ. ಮುಂಬಯಿ, ಶಾರ್ಜಾ, ಆಮೇಲೆ ಇಲ್ಲಿ. ಸಮ್ರೀನಳನ್ನು ಬ್ಯಾಡಗಿ ಕಡೆಯ ದೊಡ್ಡ ಮನೆಗೆ ಕೊಟ್ಟರೆಂದು ಯಾರೋ ಹೇಳಿದ್ದರು. ಅವಳಿಗೀಗ ಬೆಳೆದ ಮಕ್ಕಳಿರಬೇಕು, ಮೈ ಬಂದಿರಬೇಕು, ಮೂಗುತಿ ಬದಲಾಗಿರಬೇಕು ಎಂದು ಅವನು ಮನಸ್ಸಿನಲ್ಲೇ ಅವಳಿಗೆ ವಯಸ್ಸು ಕೂಡಿಸುತ್ತ ಬಂದಿದ್ದ.

ಬಕ್ರೀದಿಗೆ ಒಂದು ವಾರವಿದ್ದಾಗ ಜೈದ್ ಅಂಗಡಿಗೆ ಬಂದ.

ಬಂದವನು ಸೆಲ್‌ಫೋನಿನಲ್ಲಿ ಮಾತಾಡುತ್ತಲೇ ಬಂದ. ಆ ವರ್ಷ ಖೀಮಾ ಕೊಳ್ಳಲು ಬಂದವರೂ ಶೇರಿನ ಮಾತನ್ನೇ ಆಡುತ್ತಿದ್ದರು, ಹಾಗಾಗಿ ಖುರ್ಷಿದ್ ತಲೆಯೆತ್ತಲಿಲ್ಲ. ಫೋನು ಮಡಚಿ, "ಕುರ್ಬಾನಿಗೆ ಒಂದು ಆಡು ಬುಕ್ ಮಾಡ್ಬೇಕಿತ್ತು. ಲಾಸ್ಟ್ ಇಯರು ಸ್ಯಾಕ್ರಮೆಂಟೋ ಕಡೆ ಮಾಡ್ಸಿದ್ವಿ, ಸರಿಹೋಗ್ಲಿಲ್ಲ," ಅಂದಾಗ ಆ ದನಿ ಅವನ ಎಡಗೈಯೊಳಗೆ ಇಳಿಯಿತು. ಮೊದಲು ಗುರುತು ಹಿಡಿದದ್ದು ಕೈಯೇ.

"ಯಾವೂರಪ್ಪಾ ನಿಮ್ದು?" ರಹಮತ್ ಬೀ ಕೇಳಿದಳು.

"ಸವಣೂರ್ ಹತ್ರ, ಅಮ್ಮಾ. ಈಗ ಇಲ್ಲೇ ಡಬ್ಲಿನ್ನಲ್ಲಿ ಮನೆ. ಆಫೀಸು ಮೆನ್ಲೋ ಪಾರ್ಕು."

"ಏನ್ ಕೆಲಸ?"

"ವೆಬ್‌ಸೈಟಲ್ಲಿ ಮದುವೆ ಗಿಫ್ಟುಗಳನ್ನ ಮಾರ್ತೀವಿ."

"ಅಯ್ಯ, ಮದುವಿಗೆ ಹೋಗದ ಗಿಫ್ಟ್ ಕೊಡಾಕ ಬರ್ತದೇನು? ಉಂಡಂಗ ಹೆಂಗಾತು ಅದು?"

ಜೈದ್ ನಕ್ಕ. ಕೂದಲು ಹಿಂದೆ ಸರಿದಿತ್ತು, ಹೊಟ್ಟೆ ಮುಂದೆ ಬಂದಿತ್ತು. ಗಾಜಿನಾಚೆ ನಿಂತವನ ಕಡೆ ಅವನು ನೋಡಲಿಲ್ಲ. ಮಾಂಸದಂಗಡಿಗೆ ಬಂದವರು ನೋಡುವುದು ಮಾಂಸವನ್ನು, ಕಡಿಯುವವನ ಮುಖವನ್ನಲ್ಲ. ಅವನು ಹೋದ ಮೇಲೆ ಖುರ್ಷಿದ್ ಕಡಿದಿಟ್ಟ ತೊಡೆಯನ್ನೇ ಮತ್ತೆ ಕಡಿದ. ಮೂಳೆ ಪುಡಿಯಾಗಿ ದಿಮ್ಮಿಯ ಮೇಲೆ ಹಿಟ್ಟಿನಂತೆ ಹರಡಿತು.

"ಅದು ಸತ್ತೈತೋ," ಅಂದಳು ರಹಮತ್ ಬೀ. "ಇನ್ನೆಷ್ಟ ಕೊಲ್ತಿ?"

ಆ ವಾರವೆಲ್ಲ ಅವನು ಮಾತುಗಳನ್ನು ಜೋಡಿಸಿದ. ಬಿಳಿ ಅಂಗಿಯವನು ಹೊಡೆಯುವ ಮೊದಲು ನಿಧಾನವಾಗಿ ಎಲ್ಲವನ್ನೂ ಹೇಳುತ್ತಿದ್ದ. ತಾನು ಯಾರು, ತನ್ನಿಂದ ಏನು ಕಿತ್ತುಕೊಂಡಿರಿ. ಕೇಳುತ್ತ ಕೇಳುತ್ತ ವೈರಿಯ ಮೊಣಕಾಲು ಕುಸಿಯುತ್ತಿತ್ತು. ಹಾಗೇ ಆಗಬೇಕು. ಕುರ್ಬಾನಿಯ ದಿನ, ತಾನು ಕೊಯ್ಯುವಾಗ, ಆಡಿನ ಕಾಲು ಹಿಡಿಯಲು ಜೈದ್ ಎದುರಿಗೆ ಮೊಣಕಾಲೂರಿಯೇ ಕೂರುತ್ತಾನೆ, ಕುತ್ತಿಗೆ ಕೈಗೆಟುಕುವಷ್ಟು ಹತ್ತಿರ. ಆಮೇಲೆ ಪೊಲೀಸರು ಬರಲಿ, ಜೈಲಾಗಲಿ. ಸುದ್ದಿ ಬ್ಯಾಡಗಿಗೂ ಮುಟ್ಟುತ್ತದೆ. ಸಮ್ರೀನ್ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಾಳೆ. ಅಲ್ಲಿಗೆ ಅವನ ಲೆಕ್ಕ ಮುಗಿಯುತ್ತಿತ್ತು.

ಹಬ್ಬದ ದಿನ ಬೆಳಿಗ್ಗೆ ನಮಾಜು ಮುಗಿಸಿ ಆಡು ಬುಕ್ ಮಾಡಿದವರೆಲ್ಲ ಡಬ್ಲಿನ್ ದಾಟಿ, ಗಾಳಿಯಂತ್ರಗಳ ಗುಡ್ಡದಾಚೆಯ ಒಬ್ಬ ಪೋರ್ಚುಗೀಸ್ ಮುದುಕನ ಕುರಿ ಫಾರ್ಮಿಗೆ ಬಂದಿದ್ದರು. ಮಾರ್ಚಿನ ಹುಲ್ಲು ಗುಡ್ಡದ ತುಂಬ ಹಸಿರಾಗಿತ್ತು. ಕೆಸರಿನಲ್ಲಿ ಹೊಸ ಕಾರುಗಳು ಸಾಲಾಗಿ ನಿಂತಿದ್ದವು. ಗಂಡಸರು ಶೇರ್ವಾನಿಯ ಮೇಲೆ ಕಂಪನಿಯ ಜಾಕೆಟು ಹಾಕಿಕೊಂಡು ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು.

ಖುರ್ಷಿದನ ಕೆಲಸಕ್ಕೆ ಅಪ್ಪ ಕಲಿಸಿದ ಕ್ರಮವಿತ್ತು. ಆಡಿಗೆ ನೀರು ಕುಡಿಸಬೇಕು. ಅದರೆದುರು ಕತ್ತಿ ಮಸೆಯಬಾರದು. ಒಂದರ ಕಣ್ಣೆದುರು ಇನ್ನೊಂದನ್ನು ಕೆಡವಬಾರದು. ಅದಕ್ಕೆ ತಗಡಿನ ಮರೆ ಕಟ್ಟಿಸಿದ್ದ. ಒಬ್ಬೊಬ್ಬರನ್ನೇ ಒಳಗೆ ಕರೆದು ಅವರ ಆಡನ್ನು ಮಕ್ಕಾದ ಕಡೆ ಮುಖ ಮಾಡಿ ಎಡಮಗ್ಗುಲಿಗೆ ಮಲಗಿಸುತ್ತಿದ್ದ. ಇಲ್ಲಿಂದ ಮಕ್ಕಾ ಈಶಾನ್ಯಕ್ಕೋ ಆಗ್ನೇಯಕ್ಕೋ ಎಂದು ಓದಿದವರಲ್ಲೇ ಜಗಳವಿತ್ತು. ಯಾರು ಯಾವ ಕಡೆ ಅಂದರೆ ಆ ಕಡೆ ತಿರುಗಿಸುತ್ತಿದ್ದ. ಕೊನೆಗೆ, ಕತ್ತಿಯನ್ನು ತೊಡೆಯ ಹಿಂದೆ ಮರೆಮಾಡಿಕೊಂಡು, "ಯಾರ ಹೆಸರಿಲೆ?" ಎಂದು ಕೇಳುತ್ತಿದ್ದ. ಹೇಳಿದ ಹೆಸರನ್ನು ತಂದೆಯ ಹೆಸರಿನ ಜೊತೆ ತಾನೂ ಒಮ್ಮೆ ಗಟ್ಟಿಯಾಗಿ ಹೇಳಿ, ದೇವರ ಹೆಸರೆತ್ತಿದ ಮೇಲೆಯೇ ಅವನ ಕೈ ಇಳಿಯುವುದು. ಒಮ್ಮೆ ಹೇಳಿದ ಹೆಸರು ಆ ಆಡಿನದು. ಅದನ್ನು ಬದಲಿಸುವಂತಿಲ್ಲ, ಆಡನ್ನೂ ಬದಲಿಸುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೈದ್ ಒಳಗೆ ಬಂದ. ಪ್ಯಾಂಟಿನ ತುದಿ ಮಡಚಿಕೊಂಡು ರಕ್ತದ ಕೆಸರಿನಲ್ಲಿ ಮೊಣಕಾಲೂರಿ ಹಿಂಗಾಲು ಹಿಡಿದ. ಖುರ್ಷಿದ್ ಅವನ ನೆತ್ತಿಯನ್ನು ನೋಡಿದ. ತೊಡೆಯ ಹಿಂದೆ ಕೈಯಲ್ಲಿ ಕತ್ತಿ ಬೆಚ್ಚಗಿತ್ತು. ಜೋಡಿಸಿಟ್ಟಿದ್ದ ಮೊದಲ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೆಳಗಿನಿಂದ ಆಡಿ ಆಡಿ ರೂಢಿಯಾದ ಬಾಯಿ ಅದಕ್ಕೆ ಮೊದಲು, "ಯಾರ ಹೆಸರಿಲೆ?" ಅಂದುಬಿಟ್ಟಿತು.

"ನನ್ನ ತಂಗಿ ಹೆಸರಲ್ಲಿ. ಸಮ್ರೀನ್. ತಂದೆ ಅಬ್ದುಲ್ ಗನಿ," ಅಂದ ಜೈದ್. "ತೀರ್ಕೊಂಡಿದಾಳೆ. ಪ್ರತಿ ವರ್ಷ ಅವಳ ಹೆಸರಲ್ಲೇ ಕೊಡೋದು."

"ಅಬ್ದುಲ್ ಗನಿ ಮಗಳು ಸಮ್ರೀನ್," ಅಂದಿತು ಖುರ್ಷಿದನ ಬಾಯಿ, ರೂಢಿಯಂತೆ, ಗಟ್ಟಿಯಾಗಿ. ಅಂದ ಮೇಲೆ ಅವನ ಕಿವಿಗೆ ಅದು ಕೇಳಿಸಿತು.

ಆಡು ಒಮ್ಮೆ ಸೀನಿತು.

"ಯಾವಾಗ?" ಅಂದ ಖುರ್ಷಿದ್.

"ವಾಟ್?"

"ಯಾವಾಗ ಸತ್ಲು?"

ಜೈದ್ ತಲೆಯೆತ್ತಿದ. ಮುಖ ನೋಡಿದ. ಆಡಿನ ಗದ್ದ ಹಿಡಿದಿದ್ದ ಎಡಗೈ ನೋಡಿದ. ನೋಡುತ್ತಲೇ ಅವನ ಮೈಮೇಲಿನ ಡಬ್ಲಿನ್ನು, ಮೆನ್ಲೋ ಪಾರ್ಕು ಎಲ್ಲ ಕಳಚಿ ಬಿದ್ದವು. ಬಾಯಿಗೆ ಊರಿನ ಮಾತೇ ಬಂತು.

"ಖುರ್ಷಿದ... ಲಗ್ನದ ಮರುವರ್ಸನ. ಬಾವ್ಯಾಗ ಬಿದ್ಲು."

"ಬಿದ್ಲೋ?"

"ನೀ ಸತ್ತಿ ಅಂತ ಹೇಳಿದ್ವಿ ಆಕಿಗೆ. ಇಲ್ಲಂದ್ರ ನಿಕಾಹಕ್ಕ ಒಪ್ತಿದ್ದಿಲ್ಲ. ಆಮ್ಯಾಲ ಯಾರೋ ಹೇಳಿದ್ರಂತ, ನೀ ಮುಂಬೈದಾಗ ಇದ್ದಿ ಅಂತ. ಹೇಳಿದ ಮರುದಿನನ..."

ಒಂದು ವಾರ ಜೋಡಿಸಿದ ಮಾತುಗಳಲ್ಲಿ ಒಂದೂ ಬರಲಿಲ್ಲ. ಖುರ್ಷಿದನ ಮೊಣಕಾಲು ಜೈದನ ಮುಖಕ್ಕೆ ಬಡಿಯಿತು. ಮೂಗಿನ ಎಲುಬು ಮುರಿದ ಸದ್ದು ಖುರ್ಷಿದನಿಗೆ ಗೊತ್ತಿದ್ದ ಸದ್ದೇ, ಎಳೆಯ ಮರಿಯ ಪಕ್ಕೆಯ ಸದ್ದು. ಆಡು ಕಿತ್ತುಕೊಂಡು ಓಡಿತು. ಜೈದ್ ಹಿಂದಕ್ಕೆ ಬಿದ್ದ. ಎದ್ದು ಅವನ ಗಂಟಲಿಗೇ ಕೈಹಾಕಿದ. "ನಿನ್ನಿಂದನ ಹೋದ್ಲು, ಕಟಗ, ನಿನ್ನಿಂದ," ಎಂದು ಬಾಯಿ ತುಂಬ ರಕ್ತದಲ್ಲೇ ಅನ್ನುತ್ತಿದ್ದ. ಇಬ್ಬರೂ ಕೆಸರಿನಲ್ಲಿ ಉರುಳಿ ತಗಡಿಗೆ ಬಡಿದರು. ಖುರ್ಷಿದ್ ಅವನ ಕಿವಿ ಹಿಡಿದು ತಲೆಯನ್ನು ನೆಲಕ್ಕೆ ಗುದ್ದಿದ. ಇಲ್ಲಿ ಬಿಳಿ ಅಂಗಿಯಿರಲಿಲ್ಲ, ಸೇತುವೆಯಿರಲಿಲ್ಲ. ಬಾಯಿಗೆ ಕೆಸರು, ಹಿಕ್ಕೆ, ಬೆಳಗಿನಿಂದ ಸತ್ತ ಆಡುಗಳ ರಕ್ತ. ಜೈದ್ ಅವನ ಮುಂಗೈಯನ್ನು ಚರ್ಮ ಹರಿಯುವಂತೆ ಕಚ್ಚಿದ. ಖುರ್ಷಿದ್ ಮೊಣಕೈಯಿಂದ ಅವನ ದವಡೆಗೆ ಹೊಡೆದ, ಹಲ್ಲು ಸಡಿಲಾಗುವವರೆಗೆ ಹೊಡೆದ. ಆಮೇಲೆ ಮಗುಚಿ ಮಲಗಿಸಿ, ಬೆನ್ನ ಮೇಲೆ ಮೊಣಕಾಲೂರಿ, ಬಾಗಿದ ಬೆರಳುಗಳನ್ನು ಗದ್ದಕ್ಕೆ ಸಿಕ್ಕಿಸಿ ತಲೆಯನ್ನು ಮೇಲೆತ್ತಿದ. ಆ ಬೆರಳುಗಳು ಈ ಕೆಲಸಕ್ಕೆಂದೇ ಮಾಡಿದ ಕೊಕ್ಕೆಯಂತಿದ್ದವು. ಕತ್ತಿ ಗಂಟಲಿಗೆ ಮುಟ್ಟಿತು. ತೊಗಲು ಬಿರಿದು ತೆಳ್ಳಗೆ ಒಂದು ಗೆರೆ ಮೂಡಿತು.

ಕೈ ಅಲ್ಲೇ ನಿಂತಿತು.

ಹುಟ್ಟಿದಾಗಿನಿಂದ ಅದು ಹೆಸರಿಲ್ಲದೆ ಇಳಿದ ಕೈಯಲ್ಲ. ಬಾಯಿ ಹೆಸರು ಹುಡುಕಿತು. ಅಲ್ಲಿ ಇದ್ದದ್ದು ಒಂದೇ ಹೆಸರು. ಅದನ್ನು ಆಗಲೇ ಆಡಿಗೆ ಹೇಳಿಯಾಗಿತ್ತು.

ಅಷ್ಟರಲ್ಲಿ ಶಾರೀಕ್ ಓಡಿಬಂದು ಹಿಂದಿನಿಂದ ತಬ್ಬಿ ಎಳೆದ. "ಏನ್ ಮಾಡ್ತಿದೀಯೋ? ತಲೆ ಕೆಟ್ಟಿದೆಯಾ? ಲೈಸೆನ್ಸು ಹೋಗತ್ತೆ ಕಣೋ, ನಿನ್ನ ವೀಸಾ ಹೋಗತ್ತೆ." ಚಹಾದ ಲೋಟ ಹಿಡಿದವರೆಲ್ಲ ತಗಡಿನ ಮರೆಗೆ ಮುತ್ತಿದರು. ಒಬ್ಬ ಸೆಲ್‌ಫೋನು ತೆಗೆದು ಪೊಲೀಸರಿಗೆಂದು ನೈನ್ ಒನ್ ಒನ್ ಒತ್ತಲು ನೋಡಿದ. ಜೈದ್ ಮೊಣಕೈಯೂರಿ ಎದ್ದು ಕೂತು, ಗಂಟಲಿಗೆ ಅಂಗೈ ಒತ್ತಿಕೊಂಡು, "ಡೋಂಟ್," ಅಂದ. "ಆಡು ಒದೀತು. ಜಾರಿ ಬಿದ್ದೆ."

ಯಾರೂ ನಂಬಲಿಲ್ಲ. ಫೋನು ತೆಗೆದವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಇವ್ರ ಆಡು ಬೇರೆಯವ್ರು ಕೊಯ್ತಾರೆ," ಅಂದ ಶಾರೀಕ್. "ನೀನು ಹೋಗಿ ಕಾರಲ್ಲಿ ಕೂತ್ಕೋ."

"ಹೆಸರು ಹೇಳಾಗೈತಿ," ಅಂದ ಖುರ್ಷಿದ್. "ಬ್ಯಾರೇದವರು ಮುಟ್ಟಂಗಿಲ್ಲ."

ಅವನ ಅಪ್ಪ ಸಿಟ್ಟಿನಲ್ಲಿ ಎಂದೂ ಕತ್ತಿ ಎತ್ತಿದವನಲ್ಲ. ಹೆಂಡತಿಯ ಜೊತೆ ಜಗಳವಾದ ದಿನ ಸಂತೆಗೇ ಹೋಗುತ್ತಿರಲಿಲ್ಲ. ಖುರ್ಷಿದ್ ಫಾರ್ಮಿನ ಶೆಡ್ಡಿನ ಹಿಂದೆ ಹೋಗಿ ನಲ್ಲಿಯ ಕೆಳಗೆ ಕೈ ತೊಳೆದ, ಬಾಯಿ ಮುಕ್ಕಳಿಸಿದ, ಕತ್ತಿ ತೊಳೆದು ಕಲ್ಲಿಗೆ ಹಚ್ಚಿದ. ಅಲಗು ಕಲ್ಲಿನಿಂದ ಜಾರುತ್ತಿತ್ತು. ಸರಿಯಾದ ಸದ್ದು ಬರುವವರೆಗೆ ಮಸೆದ. ಮೇಲೆ ಗುಡ್ಡದಲ್ಲಿ ಗಾಳಿಯಂತ್ರಗಳು ಕೆಲವು ತಿರುಗುತ್ತಿದ್ದವು, ಕೆಲವು ಸುಮ್ಮನೆ ನಿಂತಿದ್ದವು. ಹೊರಗೆ ಸಾಲಿನಲ್ಲಿದ್ದವರು ವಾಚು ನೋಡಿಕೊಳ್ಳುತ್ತಿದ್ದರು. ಅವನು ಅಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಉಸಿರು ತನ್ನ ಪಾಡಿಗೆ ತಾನು ಇಳಿಯತೊಡಗಿತು.

ಆಡು ಬೇಲಿಯ ಮೂಲೆಯಲ್ಲಿ ಹಗ್ಗ ಎಳೆದುಕೊಂಡು ನಿಂತಿತ್ತು. ಅದಕ್ಕೆ ಮತ್ತೆ ನೀರು ಕುಡಿಸಿದ. ಕಿವಿಯ ಬುಡ ಕೆರೆದು, ಅದು ಹೆದರಿಕೆ ಬಿಟ್ಟು ಅವನ ತೊಡೆಗೆ ಹಣೆ ಒತ್ತುವವರೆಗೆ ಕಾದು, ಒಳಗೆ ತಂದು ಮಲಗಿಸಿದ. ಕಾಲು ಹಿಡಿಯಲು ಶಾರೀಕ್ ಬಗ್ಗಿದ.

ಜೈದ್ ಅವನನ್ನು ಸರಿಸಿ ತಾನು ಕೂತ. ಮೂಗು ಒಂದು ಕಡೆಗೆ ಹೊರಳಿತ್ತು, ಒಂದು ಕಣ್ಣು ಮುಚ್ಚಿತ್ತು, ಗದ್ದದಿಂದ ರಕ್ತ ಆಡಿನ ಬಿಳಿ ಹೊಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಖುರ್ಷಿದ್ ಅವನ ಕಡೆ ನೋಡಲಿಲ್ಲ. ದೇವರ ಹೆಸರೆತ್ತಿದ. ಕೈ ಒಂದೇ ಸಲ ಹೋಗಿ ಬಂತು, ಬೆಳಗಿನಿಂದ ಹೋದದ್ದಕ್ಕಿಂತ ಮೆತ್ತಗೆ.

ಕಾಲುಗಳು ಜೋರಾಗಿ ಒದ್ದವು. ಆಮೇಲೆ ಬಿಟ್ಟು ಬಿಟ್ಟು ಒದ್ದವು. ಆಮೇಲೆ ನಿಂತವು.

"ಬಿಡು," ಅಂದ ಖುರ್ಷಿದ್. "ಆತು."

ಜೈದ್ ಬಿಡಲಿಲ್ಲ. ಎರಡೂ ಗೊರಸುಗಳನ್ನು ಹಿಡಿದುಕೊಂಡು ಹಾಗೇ ಕೂತ. ಖುರ್ಷಿದ್ ಕತ್ತಿಯನ್ನು ಹಿಂದೆ ಇಟ್ಟು, ಆಡಿನ ತಲೆಯ ಬಳಿ ತಾನೂ ಕೂತ. ಗುಡ್ಡದ ಕಡೆಯಿಂದ ಬಂದ ಗಾಳಿಗೆ ಅದರ ಕಿವಿ ಒಮ್ಮೆ ಮಡಚಿಕೊಂಡಿತು. ಅವನು ಕೈ ಚಾಚಿ ಅದನ್ನು ಸರಿಮಾಡಿದ.