ಒಣದಾದಿಯ ಮೊದಲ ಗುಟುಕು

ಸೋಮವಾರದಿಂದ ಬಡವರ ಛತ್ರದ ಕೂಸುಗಳಿಗೆ ಹಾಲು ನಿಂತಿತು. ಹಸು ಹಿತ್ತಲಲ್ಲೇ ಇತ್ತು. ಅದರ ಹಾಲು ಛತ್ರ ನಡೆಸುವ ಮಂಡಳಿಯ ಯಜಮಾನರ ಚಹಾಕ್ಕೆ ಹೋಗತೊಡಗಿತು.

ಕೂಸುಗಳನ್ನು ಸಾಕುತ್ತಿದ್ದವಳು ಹೆಪ್ಸಿಬಾ. ಐವತ್ತೆಂಟರ ಹೆಂಗಸು, ಹೆತ್ತವಳಲ್ಲ. ಎದೆಹಾಲಿಲ್ಲದೆ ಮಕ್ಕಳನ್ನು ಬದುಕಿಸುವ ಅವಳನ್ನು ನಾರ್ಫೋಕ್ ಸೀಮೆಯ ಆ ಊರು ‘ಒಣದಾದಿ’ ಎನ್ನುತ್ತಿತ್ತು. ಹಾಲಿನಲ್ಲಿ ಬ್ರೆಡ್ಡು ಕಿವುಚಿ ಗಂಜಿ ಮಾಡಿ, ತವರದ ಒಳಲೆಗೆ ಹಾಕಿ, ಮೊದಲ ಗುಟುಕನ್ನು ತಾನು ಕುಡಿದ ಮೇಲೆಯೇ ಕೂಸಿನ ಬಾಯಿಗಿಡುವುದು ಅವಳ ಕಟ್ಟಳೆ. ದಾದಿ ನುಂಗಲಾರದ್ದು ಕೂಸಿಗಿಲ್ಲ. ಚರ್ಚಿನ ಜಗಲಿಯಲ್ಲಿ ಸಿಕ್ಕಿದ್ದ ಇಲಿಮರಿಯಂಥ ಟ್ಯಾಬಿತಾ ಹೀಗೆಯೇ ಮೂರು ತಿಂಗಳಲ್ಲಿ ಕೆನ್ನೆ ತುಂಬಿಕೊಂಡಿದ್ದಳು. ಹೆಪ್ಸಿಬಾ ಬರುವ ಮೊದಲಿನ ಚಳಿಗಾಲದಲ್ಲಿ, ಬೇರೊಬ್ಬ ದಾದಿಯ ಕೈಯಲ್ಲಿ ಹಿಟ್ಟುನೀರು ಕುಡಿದ ಮೂರು ಕೂಸುಗಳು ಗೋಡೆಯಾಚೆ ಮಣ್ಣಲ್ಲಿದ್ದವು.

ಮಂಗಳವಾರ ಹಾಲಿನ ಬದಲು ಮತ್ತೆ ಅದೇ ಹಿಟ್ಟುನೀರು ಬಂತು. ಬಟ್ಟೆ ಹಿಂಡುತ್ತಿದ್ದ ಅಗಸಗಿತ್ತಿ ಡಾರ್ಕಸ್ ಕೇಳಿದಳು: “ಏನೇ ಹೆಪ್ಸಿ, ಇದನ್ನೂ ನೀನೇ ಮೊದ್ಲು ಕುಡೀತೀಯಾ? ಗೋಡೆಗೆ ಕಾಗದ ಅಂಟ್ಸೋ ಗೋಂದು ಕಣೇ ಅದು! ಬಾಯಿ ಮುಚ್ಕೊಂಡ್ರೆ ಮತ್ತೆ ಬಿಚ್ಚಲ್ಲ.”

“ನನ್ ಬಾಯಿ ಮುಚ್ಚಿದ್ರೆ ಯಜಮಾನ್ರಿಗೆ ಹಬ್ಬ ಬಿಡೇ.”

ಅಷ್ಟರಲ್ಲಿ ಮಂಡಳಿಯ ಯಜಮಾನ ಪಿಲ್ಬೀಮ್ ಕುದುರೆಗಾಡಿಯಿಂದಿಳಿದು, ಪುಡಿ ಹಚ್ಚಿದ ಕೃತಕ ಕೂದಲಿನ ಟೋಪನ್ನು ಸರಿಮಾಡಿಕೊಳ್ಳುತ್ತ ಒಳಬಂದ.

“ಏನಮ್ಮಾ, ಕೂಸುಗಳು ಒಗ್ಗಿಕೊಂಡ್ವಾ? ನಾನೂ ಇದನ್ನೇ ಕುಡ್ದು ಬೆಳ್ದೋನು!”

“ನಿಮ್ಮನ್ನೇ ಕಾಯ್ತಿದ್ದೆ ಯಜಮಾನ್ರೇ. ನನ್ ಗಂಟ್ಲಲ್ಲಿ ಇಳೀಲಿಲ್ಲ. ನಿಮ್ಗೆ ಹಳೇ ರುಚಿ, ಮೊದಲ ಗುಟುಕು ನಿಮ್ದೇ.” ಹೆಪ್ಸಿಬಾ ಒಳಲೆಯನ್ನು ಅವನ ಮುಂದೆ ಚಾಚಿದಳು.

ಬಾಗಿಲ ತುಂಬ ಛತ್ರದ ಹೆಂಗಸರು ನಿಂತಿದ್ದರು. ಆಡಿದ ಮಾತನ್ನು ನುಂಗಲಾಗದೆ ಪಿಲ್ಬೀಮ್ ಹಿಟ್ಟುನೀರನ್ನೇ ನುಂಗಲು ಹೋದ. ಅದು ಅರ್ಧ ದಾರಿಯಿಂದ ತಿರುಗಿ, ಮೂಗಿನಲ್ಲಿ ಬಂದು, ರೇಷ್ಮೆಯ ಕೊರಳಪಟ್ಟಿಯ ಮೇಲೆ ಇಳಿಯಿತು. ಟ್ಯಾಬಿತಾ ಬೊಚ್ಚುಬಾಯಿ ಬಿಟ್ಟು ಕೇಕೆ ಹಾಕಿದಳು.

“ನೋಡ್ರೇ ನೋಡ್ರೇ,” ಡಾರ್ಕಸ್ ಹೊಟ್ಟೆ ಹಿಡಿದುಕೊಂಡಳು, “ಮಂಡಳಿಯೋರು ತಿಂದಿದ್ದನ್ನ ವಾಪಸ್ ಕೊಟ್ಟಿದ್ದು ಇದೇ ಮೊದ್ಲು!”

“ನಕ್ಕಿದ್ದು ಸಾಕು!” ಪಿಲ್ಬೀಮ್ ಮೂಗೊರೆಸಿಕೊಂಡ. “ಕುಡ್ಸು ಅದನ್ನ. ಇಲ್ಲಾಂದ್ರೆ ಈಗ್ಲೇ ಗಂಟುಮೂಟೆ ಕಟ್ಟು.”

ಹೆಪ್ಸಿಬಾ ಒಳಲೆಯನ್ನು ಮೋರಿಗೆ ಬಗ್ಗಿಸಿದಳು. ಚೆನ್ನಾಗಿ ತೊಳೆದಳು. ಟ್ಯಾಬಿತಾಳನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲ ಹಸುವಿನತ್ತ ಹೊರಟಳು.

“ಕುಡ್ಸಲ್ಲ,” ಎಂದಳು. “ಗಂಟೂ ಕಟ್ಟಲ್ಲ. ಸ್ವಲ್ಪ ದಾರಿ ಬಿಡಿ.”