ಮುಚ್ಚಿದ ಕೋಣೆಗೆ ಹೋಗದ ಗಂಟು

ನನ್ನ ಬಾಯಿ ಜೋರು. ದೋಣಿಯವನು ನನಗಿಟ್ಟ ಅಡ್ಡಹೆಸರು ಮೆಣಸಿನಕಾಯಿ. ಬೆನ್ನ ಹಿಂದೆ ಕರೆಯುತ್ತಿದ್ದ, ಎದುರಿಗೆ ಕರೆಯುವ ಧೈರ್ಯ ಅವನಪ್ಪನಿಗೂ ಇರಲಿಲ್ಲ. ಇರಲಿ. ಹನ್ನೊಂದು ವರ್ಷ ಆ ದ್ವೀಪದ ಹಕ್ಕಿಗಳ ಕಾವಲಿಗಿದ್ದವಳು ನಾನು. ನನ್ನ ಬಾಯಿಗೆ ಹೆದರಿಯೇ ಹಕ್ಕಿಗಳು ಉಳಿದಿವೆ ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದೆ. ಈಗ ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಲ್ಲಿಯ ಕಡಲಹಕ್ಕಿಗಳು ಮರದ ಮೇಲಲ್ಲ, ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ಇಲಿ ಎಂದರೇನೆಂದು ಅವಕ್ಕೆ ಗೊತ್ತೇ ಇಲ್ಲ. ಅದಕ್ಕೇ ದ್ವೀಪದ ಮೊದಲ ನಿಯಮ: ದೋಣಿಯಲ್ಲಿ ಬಂದದ್ದು ಅಕ್ಕಿ ಮೂಟೆಯಾಗಲಿ, ಮೊಳೆ ಡಬ್ಬವಾಗಲಿ, ಯಾರದೋ ಚಡ್ಡಿಯೇ ಆಗಲಿ, ನೇರ ಮುಚ್ಚಿದ ಕೋಣೆಗೆ ಹೋಗಬೇಕು. ಕಿಟಕಿಯಿಲ್ಲದ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆದ ಕೋಣೆ ಅದು. ಬಾಗಿಲು ಹಾಕಿಕೊಂಡು, ಬಿಳಿ ಬಟ್ಟೆ ಹಾಸಿ, ಎಲ್ಲವನ್ನೂ ಬಿಚ್ಚಿ, ಕೊಡವಿ, ಹೊಲಿಗೆ ಹೊಲಿಗೆಯನ್ನೂ ತಡವಿ ನೋಡಬೇಕು. ಆಮೇಲೆ ಪುಸ್ತಕದಲ್ಲಿ 'ನೋಡಿದೆ' ಎಂದು ಬರೆದು ಸಹಿ ಹಾಕಬೇಕು. ಇಲಿ ಹೊಕ್ಕ ಸಾಮಾನನ್ನು, ಅದು ಎಂಥದ್ದೇ ಇರಲಿ, ಹಿತ್ತಲ ಡ್ರಮ್ಮಿನಲ್ಲಿ ಸುಡಬೇಕು. ಬಂದವರಿಗೆಲ್ಲ ಇದನ್ನು ತಲೆ ಚಿಟ್ಟು ಹಿಡಿಯುವಷ್ಟು ಹೇಳಿಕೊಟ್ಟವಳು ನಾನೇ.

ನನ್ನ ಜೊತೆಗಿದ್ದವರು ಲೆಕ್ಕದಣ್ಣ. ಹಕ್ಕಿ ಎಣಿಸುವುದು ಅವರ ಕೆಲಸ, ಅದರಿಂದಲೇ ಆ ಹೆಸರು. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು. ಹೆಂಡತಿ ಹೋದ ಮೇಲೆ ದಡದಲ್ಲಿ ಅವರಿಗೆ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ. ದ್ವೀಪದಲ್ಲಿ ಅವರು ಮಲಗುತ್ತಿದ್ದ ಒಂದು ಕೋಣೆಯೇ ಮನೆ. ಪ್ರತಿ ವರ್ಷ ಮರಿಗಳು ರೆಕ್ಕೆ ಬಲಿತು ಹಾರಲು ಬಂಡೆಯ ತುದಿಗೆ ಬಂದಾಗ ಬರಿಗಣ್ಣಲ್ಲೇ ಎಣಿಸುತ್ತಿದ್ದರು. ನಾನು ದುರ್ಬೀನು ಹಿಡಿದು ಎಣಿಸಿದ್ದಕ್ಕಿಂತ ಎರಡು ಜಾಸ್ತಿಯೇ ಹೇಳಿ, "ನಿನ್ನ ದುರ್ಬೀನಿಗೆ ಕನ್ನಡಕ ಹಾಕಿಸು ತಂಗಿ" ಎಂದು ನಗುತ್ತಿದ್ದರು.

ಈ ವರ್ಷ ಮೊಟ್ಟೆ ಒಡೆಯುವ ಹೊತ್ತಿಗೆ ನನ್ನ ತಮ್ಮ ವೈರ್‌ಲೆಸ್ಸಿನಲ್ಲಿ ಸಿಕ್ಕಿದ.

"ಅಮ್ಮ ನಿನ್ನನ್ನೇ ಕೇಳ್ತಿದಾಳೆ ಅಕ್ಕ. ಬಂದುಬಿಡು."

"ಮರಿ ಆಗೋ ಹೊತ್ತು ಕಣೋ, ಬಿಟ್ಟು ಬರೋಕಾಗಲ್ಲ. ಮುಂದಿನ ತಿಂಗಳ ದೋಣಿಗೆ ಬರ್ತೀನಿ."

ಅಮ್ಮ ಮುಂದಿನ ತಿಂಗಳವರೆಗೆ ಕಾಯಲಿಲ್ಲ. ನಾನು ಹೋಗಬೇಕಿದ್ದ ಅದೇ ದೋಣಿಯಲ್ಲಿ ಅವಳ ಹತ್ತಿ ರಜಾಯಿ ಒಂದು ಗಂಟಾಗಿ ನನ್ನ ಹತ್ತಿರ ಬಂತು. ತಮ್ಮ ಒಂದು ಚೀಟಿಯನ್ನೂ ಇಟ್ಟಿರಲಿಲ್ಲ.

ಅದನ್ನು ಬಿಳಿ ಬಟ್ಟೆಯ ಮೇಲೆ ಲೆಕ್ಕದಣ್ಣನ ಎದುರು, ದೋಣಿಯವನ ಎದುರು ಬಿಚ್ಚಿ ಕೊಡವಲು ನನ್ನಿಂದ ಆಗಲಿಲ್ಲ. ಅವರ ಮುಂದೆ ನಾನು ಅತ್ತುಬಿಟ್ಟರೆ? ಮೆಣಸಿನಕಾಯಿ ಅಳುವುದುಂಟೇ? ಪುಸ್ತಕದಲ್ಲಿ 'ನೋಡಿದೆ' ಎಂದು ಗೀಚಿ, ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ನನ್ನ ಕೋಣೆಗೆ ಬಂದು ಮಂಚದ ಕೆಳಗೆ ತಳ್ಳಿದೆ. ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಎಳೆದು ನೋಡಿದರೆ ಗಂಟಿನ ಹಿಂಬದಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಒಳಗೆ ಇಲಿ ರಜಾಯಿಯ ಮೂಲೆಯನ್ನು ಕಡಿದು, ಹತ್ತಿಯನ್ನು ದುಂಡಗೆ ಗೂಡು ಮಾಡಿತ್ತು. ಹಿಕ್ಕೆ ಇತ್ತು, ಅದು ಇರಲಿಲ್ಲ.

ಆ ಗಳಿಗೆಯಲ್ಲೇ ಓಡಿಹೋಗಿ ಬೊಬ್ಬೆ ಹೊಡೆಯಬೇಕಿತ್ತು. ದಡದಿಂದ ಬೋನು, ನಾಯಿ, ಹತ್ತು ಜನ ಬರುತ್ತಿದ್ದರು, ವಾರದಲ್ಲಿ ಮುಗಿಯುತ್ತಿತ್ತು. ಆದರೆ ಹೇಳಿದರೆ ರಜಾಯಿ ಸುಡಬೇಕು. ಹೇಳಿದರೆ ನನ್ನ ಮಾನ ಮೂರು ಕಾಸಿಗೆ ಹರಾಜು. ನಾನೇ ಹಿಡಿದರಾಯಿತು, ಯಾರಿಗೆ ತಿಳಿಯುತ್ತದೆ ಎಂದುಕೊಂಡು ಕದ್ದುಮುಚ್ಚಿ ನಾಲ್ಕು ಬೋನಿಟ್ಟೆ. ಒಂದಕ್ಕೂ ಬೀಳಲಿಲ್ಲ. ಬಸುರಿ ಇಲಿಯಿರಬೇಕು.

ಐದನೆಯ ವಾರ, ಇಲಿ ಬಂದರೆ ತಿಳಿಯಲೆಂದು ನೆಟ್ಟಿದ್ದ ಗೂಟಗಳ ಮೇಣದಲ್ಲಿ ಹಲ್ಲಿನ ಗುರುತು ಕಂಡವರು ಲೆಕ್ಕದಣ್ಣ. ಅದರ ಮರುದಿನದಿಂದ ಬಿಲಕ್ಕೆ ಕೈ ಹಾಕಿದಲ್ಲೆಲ್ಲ ಕತ್ತು ಕಡಿದ ಮರಿಗಳೇ ಸಿಕ್ಕವು. ಬೋನು ಹೊತ್ತ ಜನ ಬಂದರು, ಜೊತೆಗೆ ವಿಚಾರಣೆಗೆ ದಡದ ಕಚೇರಿಯ ಸಾಹೇಬರೂ ಬಂದರು. ಪುಸ್ತಕ ತಿರುವಿದರು. ಉಗ್ರಾಣದಲ್ಲಿ ತಳಕ್ಕೆ ತೇಪೆ ಹಾಕಿದ ಒಂದು ಅಕ್ಕಿ ಮೂಟೆ ಸಿಕ್ಕಿತು. ಇಲಿ ಅದರ ತೂತಿನಲ್ಲೇ ಬಂದಿರಬೇಕು ಎಂದರು. ಆ ಮೂಟೆ ದೋಣಿಯಿಂದ ಇಳಿದಾಗ ನೋಡಿ ಸಹಿ ಹಾಕಿದವರು ಲೆಕ್ಕದಣ್ಣ.

"ತಳ ತಡವಿದ ನೆನಪಿದೆ ಸಾರ್," ಎಂದರು ಅವರು. "ಆದ್ರೆ ಕಣ್ಣು ಮೊದಲಿನ ಹಾಗಿಲ್ವೇನೋ. ನನ್ನಿಂದಲೇ ಆಗಿರ್ಬೇಕು."

ನಾನು ಪಕ್ಕದಲ್ಲೇ ನಿಂತಿದ್ದೆ. ಸದಾ ವಟಗುಟ್ಟುವ ನನ್ನ ಬಾಯಿಗೆ ಅವತ್ತು ಏನು ರೋಗ ಬಂದಿತ್ತೋ! ಸಾಹೇಬರು ವರದಿ ಬರೆದುಕೊಂಡು ಹೋದರು. ಆಮೇಲೆ ಲೆಕ್ಕದಣ್ಣ ಎಣಿಕೆಯ ಪುಸ್ತಕವನ್ನು ನನ್ನ ಕೈಗಿಟ್ಟು, "ಇನ್ನು ನೀನೇ ಎಣಿಸು, ನನ್ನದು ನಂಬೋ ಹಾಗಿಲ್ಲ" ಎಂದರು. ಬಂಡೆಯ ದಾರಿಯಲ್ಲಿ ಕೋಲು ಊರಿ ನಡೆಯತೊಡಗಿದರು. ಅನ್ನದಲ್ಲಿ ಕಲ್ಲು ಸಿಕ್ಕರೂ "ನೋಡು, ಇದೂ ಕಾಣಲಿಲ್ಲ" ಎನ್ನುತ್ತಿದ್ದರು. ಆ ಅನ್ನಕ್ಕೆ ಅಕ್ಕಿ ಆರಿಸಿದ್ದು ನಾನು.

ಮುಂದಿನ ದೋಣಿಯಲ್ಲಿ ಸಾಹೇಬರು ವರ್ಗಾವಣೆಯ ಕಾಗದ ತಂದರು. ಮಧ್ಯಾಹ್ನ ಅದೇ ದೋಣಿಯಲ್ಲಿ ಲೆಕ್ಕದಣ್ಣ ಹೊರಡಬೇಕು. ಹೋಗಿ ನೋಡಿದರೆ ಟ್ರಂಕಿಗೆ ಅಂಗಿ ಮಡಚಿಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, ನನಗಿಂತ ಹದಿನೈದು ವರ್ಷ ದೊಡ್ಡವರು, ಕೈ ಮುಗಿದರು.

"ಆ ಹಕ್ಕಿಗಳಿಗೋಸ್ಕರ ನೀನು ಹೆತ್ತ ತಾಯೀನೂ ನೋಡೋಕೆ ಹೋಗಲಿಲ್ಲ. ನಾನು ಎಲ್ಲ ಹಾಳು ಮಾಡಿಬಿಟ್ಟೆ. ತಪ್ಪಾಯ್ತು ತಂಗಿ."

ಆ ಕೈಗಳನ್ನು ನೋಡಲಾಗಲಿಲ್ಲ. ನನ್ನ ಕೋಣೆಗೆ ಓಡಿ, ಮಂಚದ ಕೆಳಗಿಂದ ಗಂಟನ್ನು ದರದರ ಎಳೆದು ತಂದು ಸಾಹೇಬರ ಕಾಲ ಬಳಿ ಹಾಕಿದೆ. ಲೆಕ್ಕದಣ್ಣನೂ ಹಿಂದೆಯೇ ಬಂದರು.

"ಇಲಿ ಬಂದಿದ್ದು ಇದರಲ್ಲಿ. ನಾನು ಬಿಚ್ಚಲೇ ಇಲ್ಲ. ಸುಳ್ಳು ಸಹಿ ಹಾಕಿದೆ. ನಾಲ್ಕೇ ದಿನಕ್ಕೆ ಗೊತ್ತಾಯ್ತು, ಬಾಯಿ ಬಿಡಲಿಲ್ಲ."

ಸಾಹೇಬರು ಏನೋ ಹೇಳಹೊರಟರು. ಅಷ್ಟರಲ್ಲಿ ಲೆಕ್ಕದಣ್ಣ ಕುಕ್ಕರಗಾಲಲ್ಲಿ ಕೂತು, ಕಡಿದ ಮೂಲೆಯನ್ನು ಹೊಲಿಗೆ ಹೊಲಿಗೆಯಾಗಿ ತಡವಿ ನೋಡಿದರು. ನಾನು ಕಲಿಸಿದ ಹಾಗೆಯೇ.

"ಅಂದ್ರೆ," ಎಂದರು ಮೆಲ್ಲಗೆ, "ನನ್ನ ಕಣ್ಣು ಚೆನ್ನಾಗೇ ಇದೆಯಾ?"

"ಇದೆ ಅಣ್ಣ."

ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ ಕೆಂಪಾಯಿತು. "ನನ್ನ ಕಣ್ಣನ್ನ ನಾನೇ ನಂಬದ ಹಾಗೆ ಮಾಡಿಬಿಟ್ಯಲ್ಲೇ! ಕೋಲು ಊರಿ ನಡೆಯೋದನ್ನ ದಿನಾ ನೋಡ್ತಿದ್ಯಲ್ಲೇ!" ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿಯೇರಿಸಿದ್ದು ಅದೊಂದೇ ಸಲ. ನನಗೆ ಇನ್ನೂ ನಾಲ್ಕು ಬೈಗುಳ ಬೇಕಿತ್ತು, ಅವರು ಕೊಡಲಿಲ್ಲ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

ಡ್ರಮ್ಮಿಗೆ ಹಾಕುವ ಮೊದಲು ರಜಾಯಿಯನ್ನು ಮೂಗಿಗೆ ಒತ್ತಿಕೊಂಡೆ. ಅಮ್ಮನ ವಾಸನೆಯಿರಲಿಲ್ಲ. ಇಲಿಯ ವಾಸನೆಯಿತ್ತು. ಕಡ್ಡಿ ಗೀರಿದೆ.

ಮಧ್ಯಾಹ್ನ ದೋಣಿಗೇರಿದ್ದು ಲೆಕ್ಕದಣ್ಣನ ಟ್ರಂಕಲ್ಲ, ನನ್ನ ಚೀಲ. ದೋಣಿಯವನು ಅವತ್ತು ಬೆನ್ನ ಹಿಂದೆಯೂ ಮೆಣಸಿನಕಾಯಿ ಎನ್ನಲಿಲ್ಲ. ಹೊರಟಾಗ ತಿರುಗಿ ನೋಡಿದೆ. ಲೆಕ್ಕದಣ್ಣ ಕೋಲಿಲ್ಲದೆ ಬಂಡೆಯ ಮೇಲೆ ನಿಂತು, ಹಾರಲು ತುದಿಗೆ ಬಂದ ಮರಿಗಳನ್ನು ಬೆರಳೆತ್ತಿ ಎಣಿಸುತ್ತಿದ್ದರು. ಬೇರೆ ವರ್ಷ ಅದಕ್ಕೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ಈ ಸಲ ದೋಣಿ ತಿರುಗುವ ಮೊದಲೇ ಅವರ ಕೈ ಕೆಳಗಿಳಿಯಿತು.